ಎರಡನೇ ಸಲ ಹೇಳಿಸಿದ ಮಾತು

ಆ ವಿಡಿಯೊ ಬಗ್ಗೆ ನನಗೆ ಐದು ವರ್ಷ ಹೆಮ್ಮೆಯಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ನನ್ನನ್ನು ನಾನು ಬಚಾವು ಮಾಡಿಕೊಳ್ಳಲು ಬರೆದಂತೆ ಕಾಣುತ್ತದೆ.

ತಮಿಳುನಾಡಿನ ಗಡಿಯೊಳಗೆ, ಗುಮ್ಮಳಾಪುರದ ಕಡೆಯ ಒಂದು ಹಳ್ಳಿಯಲ್ಲಿ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ನಾನು ಟೀಚರು. ಎಂಟನೇ ತರಗತಿಯವರೆಗಿನ ಶಾಲೆ. ಮನೆ ಹೊಸೂರಿನಲ್ಲಿ. ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಟಿವಿಯಲ್ಲಿ ಬರುತ್ತಿದ್ದ ಪಾಠಗಳು ತಮಿಳಿನವು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಏನೂ ಇರಲಿಲ್ಲ. ಹಾಗಾಗಿ ಶಾಲೆಯ ಹೆಸರಿನಲ್ಲಿ ನಾನೇ ಒಂದು ಇಮೇಲ್ ಮಾಡಿ, ವಿಡಿಯೊ ಹಾಕುವ ಒಂದು ತಾಣದಲ್ಲಿ ಖಾತೆ ತೆರೆದೆ. ಅದಕ್ಕೆಂದೇ ಹೊಸೂರಿನ ಅಂಗಡಿಯೊಂದರಲ್ಲಿ ಬೇರೆ ಸಿಮ್ ತಂದೆ. ಪಾಠಗಳನ್ನು ಹಾಕುತ್ತಾ ಹೋದೆ. ಆಮೇಲೆ ಮಕ್ಕಳನ್ನೂ ಹಾಕತೊಡಗಿದೆ. ಮಗ್ಗಿ ಹೇಳುವವರು, ಕತೆ ಹೇಳುವವರು, ಮನೆ ಮುಂದೆ ನಿಂತು ಪದ್ಯ ಓದುವವರು. ಮನೆಯಲ್ಲಿ ಫೋನು ಇಲ್ಲದ ಮಕ್ಕಳಿದ್ದ ಕಡೆ ನಾನೇ ಸ್ಕೂಟರಿನಲ್ಲಿ ಹೋಗಿ ಚಿತ್ರೀಕರಿಸಿಕೊಂಡು ಬರುತ್ತಿದ್ದೆ.

ಆಗ ಎಂಟನೇ ತರಗತಿಯಲ್ಲಿದ್ದ ಒಬ್ಬ ಹುಡುಗಿ. "ಮನೇಲಿ ದಿನ ಹೇಗೆ ಕಳೀತೀಯ, ಹೇಳು" ಅಂದೆ. ಊರಿನ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅವಳು ಹೇಳಿದ್ದು ಇಷ್ಟು:

"ನಮ್ ಮನೇಲಿ ಫೋನಿಲ್ಲ ಮಿಸ್. ಇತ್ತು. ಅಪ್ಪ ಕುಡಿಯಾಕೆ ಮಾರ್ಬುಟ್ಟ. ಅಮ್ಮ ಬ್ಯಾಡ ಅಂದಿದ್ಕೆ ಹೊಡ್ದ. ಅಮ್ಮನ ಹಲ್ಲು ಬಿತ್ತು. ನಾನು ಎತ್ತಿಟ್ಕೊಂಡಿದೀನಿ."

ಬೆಂಕಿಪೊಟ್ಟಣ ತೆಗೆದು, ಅದರೊಳಗಿನ ಹಲ್ಲನ್ನು ತೋರಿಸಿದಳು. ಕೊನೆಗೆ, "ಫೋನಿದ್ರೆ ನಾನೂ ಪಾಠ ಕೇಳ್ತಿದ್ದೆ" ಅಂದಳು.

ಆ ವಿಡಿಯೊ ಹಾಕಿದ ಮೂರನೇ ದಿನಕ್ಕೆ ಎಲ್ಲೆಲ್ಲಿಂದಲೋ ಕರೆಗಳು ಬಂದವು. ಯಾರೋ ಪುಣ್ಯಾತ್ಮರು ನಮ್ಮ ಶಾಲೆಗೆ ನಾಲ್ಕು ಫೋನು ಕಳಿಸಿದರು. ಒಂದನ್ನು ಅವಳಿಗೇ ಕೊಟ್ಟೆ. ಕೃಷ್ಣಗಿರಿಯಲ್ಲಿ ಶಿಕ್ಷಕರ ಸಭೆಯಲ್ಲಿ ಪರದೆಯ ಮೇಲೆ ಅದನ್ನು ಹಾಕಿ ತೋರಿಸಿದರು, ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಶಾಲೆ ತೆರೆದ ಮೇಲೆ ಖಾತೆಯ ಕೆಲಸ ಮುಗಿಯಿತು. ಸಿಮ್ಮಿಗೆ ರೀಚಾರ್ಜ್ ಮಾಡುವುದನ್ನು ಬಿಟ್ಟೆ. ಫೋನು ಬದಲಾಯಿತು. ಆ ಖಾತೆ ಅಲ್ಲೇ ಎಲ್ಲೋ ಇದೆ ಅನ್ನುವುದು ಕೂಡ ನನಗೆ ಮರೆತುಹೋಗಿತ್ತು.

ಹೋದ ವರ್ಷ ಜೂನ್‌ನಲ್ಲಿ, ಶಾಲೆ ಶುರುವಾದ ಹೊಸದರಲ್ಲಿ, ಒಂದು ಶನಿವಾರ ಅವಳು ಹೊಸೂರಿನ ನಮ್ಮ ಮನೆಗೆ ಬಂದಳು. ಪ್ಲಸ್ ಟೂ ಮುಗಿಸಿ ಫೋನಿನ ಬಿಡಿಭಾಗ ಮಾಡುವ ಕಂಪನಿಗೆ ಸೇರಿದ್ದಾಳೆ, ಮೂಕಂಡಪಲ್ಲಿಯ ಹಾಸ್ಟೆಲ್ಲಿನಲ್ಲಿದ್ದಾಳೆ ಅಂತ ಕೇಳಿದ್ದೆ. ಕಂಪನಿಯ ನೀಲಿ ಅಂಗಿಯಲ್ಲೇ ಬಂದಿದ್ದಳು. ಕೂತುಕೋ ಅಂದರೂ ಕೂರಲಿಲ್ಲ.

"ಮಿಸ್, ಆ ವಿಡಿಯೊ ತೆಗೆದ್ಬುಡಿ" ಅಂದಳು.

ಯಾವ ವಿಡಿಯೊ ಅಂತ ನಾನು ಕೇಳಬೇಕಾಗಿ ಬಂದದ್ದು ಈಗಲೂ ನನಗೆ ಚುಚ್ಚುತ್ತದೆ.

ಯಾರೋ ಅದನ್ನು ಹುಡುಕಿ, ತುಂಡು ಮಾಡಿ, ನಗೆ ಬರಿಸುವ ಸಂಗೀತ ಸೇರಿಸಿ ಹಂಚಿದ್ದರು. ಹಾಸ್ಟೆಲ್ಲಿನಲ್ಲಿ ಅವಳ ಕೋಣೆಯ ಹುಡುಗಿಯೊಬ್ಬಳು ಗುರುತು ಹಿಡಿದಳು. ತುಂಡಿನ ಕೆಳಗೆ ನಮ್ಮ ಶಾಲೆಯ ಖಾತೆಯ ಹೆಸರಿತ್ತು. ಹಾಗಾಗಿ ಎಲ್ಲರೂ ಹೋಗಿ ಪೂರ್ತಿ ನೋಡಿದರು. ಅಂದಿನಿಂದ ಅವಳಿಗೆ ಅಲ್ಲಿ 'ಪಲ್ಲು' ಅಂತ ಹೆಸರು. ತಮಿಳಿನಲ್ಲಿ ಹಲ್ಲು.

"ಅವ್ರು ಏನಾದ್ರು ಅಂದ್ಕಳ್ಳಲಿ ಮಿಸ್. ಅಪ್ಪ ನೋಡ್ಬಾರ್ದು. ಅಪ್ಪ ಕುಡಿಯೋದು ಬಿಟ್ಟು ಮೂರು ವರ್ಷ ಆಯ್ತು. ಗುಲಾಬಿ ಬೆಳೆಯೋ ಪಾಲಿಹೌಸಲ್ಲಿ ಕೆಲಸ ಮಾಡ್ತಾನೆ. ಅವನ ಹತ್ರ ಬಟನ್ ಫೋನು, ಅದಕ್ಕೆ ಇಲ್ಲಿಗಂಟ ಗೊತ್ತಾಗಿಲ್ಲ. ನಾಳೆ ಬಿಟ್ಟು ಮುಂದಿನ ಭಾನುವಾರ ಸೂಳಗಿರಿ ಅತ್ತೆ ಮನೇಲಿ ಮಗೂಗೆ ಕಿವಿ ಚುಚ್ಚೋ ಕಾರ್ಯ. ಅತ್ತೆ ಮಗನ ಫೋನಲ್ಲಿ ಅದು ಐತೆ. ಎಲ್ರೂ ಬತ್ತಾರೆ."

"ಅಷ್ಟೇ ತಾನೆ? ಐದು ನಿಮಿಷದ ಕೆಲಸ" ಅಂದೆ. ಅವಳ ಎದುರೇ ಫೋನು ತೆಗೆದೆ.

ಪಾಸ್‌ವರ್ಡ್ ನೆನಪಿತ್ತು. ಶಾಲೆಯ ಹೆಸರು, ನಾನು ಕೆಲಸಕ್ಕೆ ಸೇರಿದ ವರ್ಷ. ಹಾಕಿದೆ. ಸರಿಯಾಗಿದೆ, ಆದರೆ ಇದು ಹೊಸ ಫೋನು, ನೀವೇ ಹೌದೋ ಅಂತ ನೋಡಬೇಕು, ನಿಮ್ಮ ನಂಬರಿಗೆ ಓಟಿಪಿ ಕಳಿಸಿದ್ದೇವೆ ಅಂತ ಬಂತು. ನಂಬರಿನ ಕೊನೆಯ ಎರಡು ಅಂಕಿ ತೋರಿಸುತ್ತಿತ್ತು. ಅದು ನಾನು ಬಿಟ್ಟ ಸಿಮ್.

ಬೇರೆ ದಾರಿ ಹುಡುಕಿದೆ. 'ನನ್ನ ಬಳಿ ಈ ನಂಬರ್ ಇಲ್ಲ' ಅನ್ನುವುದನ್ನು ಒತ್ತಿದೆ. ಖಾತೆ ತೆರೆದ ತಿಂಗಳು ಯಾವುದು, ಹಳೆಯ ಪಾಸ್‌ವರ್ಡ್ ಯಾವುದು ಅಂತ ಪ್ರಶ್ನೆಗಳು. ಎಲ್ಲಕ್ಕೂ ಉತ್ತರ ಕೊಟ್ಟೆ. ಈ ಖಾತೆ ನಿಮ್ಮದೆಂದು ಖಚಿತಪಡಿಸಲು ನಮಗೆ ಸಾಧ್ಯವಾಗಲಿಲ್ಲ ಅಂತ ಒಂದು ಸಾಲು ಬಂತು. ಮತ್ತೆ ಮೊದಲಿಂದ. ಮತ್ತೆ ಅದೇ ಸಾಲು. ಬೇರೆಯವರಂತೆ ಹೊರಗಿನಿಂದ ದೂರು ಕೊಟ್ಟು ನೋಡಿದೆ. ಇದರಲ್ಲಿ ಮಗುವಿದೆ, ತೆಗೆಯಿರಿ ಅಂತ. ಪರಿಶೀಲಿಸುತ್ತೇವೆ ಅಂದರು. ಕಾಫಿ ಆರಿಹೋಗಿತ್ತು. ಅವಳು ಬಾಗಿಲಿಗೆ ಒರಗಿ ನಿಂತೇ ಇದ್ದಳು.

"ಇನ್ನೂ ಎಂಟು ದಿನ ಐತಲ್ಲ ಮಿಸ್" ಅಂದಳು, ನನಗೇ ಸಮಾಧಾನ ಹೇಳುವ ಹಾಗೆ.

ಸೋಮವಾರ ದೂರಿಗೆ ಉತ್ತರ ಬಂತು. ನಿಯಮ ಮೀರಿದ್ದೇನೂ ಈ ವಿಡಿಯೊದಲ್ಲಿ ಕಂಡುಬಂದಿಲ್ಲ. ಸಂಜೆ ಸಿಮ್ ತಂದ ಅಂಗಡಿಗೆ ಹೋದೆ. ಅಂಗಡಿಯವನು ನಂಬರು ಹಾಕಿ ನೋಡಿ, "ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ ಮೇಡಂ, ಇನ್ನು ಅದು ನಿಮ್ಮದಲ್ಲ" ಅಂದ. ಅಲ್ಲೇ ರಸ್ತೆ ಪಕ್ಕದಲ್ಲಿ ನಿಂತು ನನ್ನ ಹಳೆಯ ನಂಬರಿಗೆ ನಾನೇ ಫೋನು ಮಾಡಿದೆ.

ಗಂಡಸಿನ ದನಿ, ವಯಸ್ಸಾದ ದನಿ. "ಯಾರಮ್ಮಾ ಪೇಸುರದು?" ಅಂತ ತಮಿಳಿನಲ್ಲಿ ಕೇಳಿದರು, ಯಾರಮ್ಮಾ ಮಾತಾಡುವುದು ಅಂತ. ಮುಂದಿನದೆಲ್ಲ ತಮಿಳಿನಲ್ಲೇ ನಡೆದದ್ದು. ಕನ್ನಡದಲ್ಲಿ ಬರೆಯುತ್ತೇನೆ. ನಾನು ಟೀಚರು, ನಿಮ್ಮ ನಂಬರು ಮುಂಚೆ ನನ್ನದಾಗಿತ್ತು, ಈಗ ನಿಮಗೊಂದು ಓಟಿಪಿ ಬರುತ್ತದೆ, ಅದನ್ನು ದಯವಿಟ್ಟು ಹೇಳಿ ಅಂದೆ. ಹೇಳುತ್ತಾ ಹೇಳುತ್ತಲೇ ನನಗೆ ಗೊತ್ತಾಯಿತು, ಮೋಸ ಮಾಡುವವರು ಆಡುವ ಮಾತೂ ಸರಿಯಾಗಿ ಇದೇ. ಅವರು ಫೋನು ಇಟ್ಟರು. ಎರಡನೇ ಸಲ ಮಾಡಿದಾಗ, ಪೊಲೀಸರಿಗೆ ನಂಬರು ಕೊಡುತ್ತೇನೆ ಅಂದರು. ಮೂರನೇ ಸಲ ಎತ್ತಲೇ ಇಲ್ಲ.

ಮಂಗಳವಾರ ಶಾಲೆಯ ಫೋನಿನಿಂದ ಮಾಡಿದೆ. ಎತ್ತಿದ ತಕ್ಷಣ, "ಓಟಿಪಿ ಬೇಡ. ನೀವು ಎಲ್ಲಿದ್ದೀರಿ ಅಷ್ಟು ಹೇಳಿ. ನಾನೇ ಬರುತ್ತೇನೆ. ನನ್ನ ಮುಖ ನೋಡಿ, ನನ್ನ ಶಾಲೆಯ ಗುರುತಿನ ಚೀಟಿ ನೋಡಿ. ಆಮೇಲೆ ಪೊಲೀಸರನ್ನು ಕರೆಯಬೇಕಾದರೆ ಕರೆಯಿರಿ" ಅಂದೆ.

ಆ ನಂಬರು ತಿರುನೆಲ್ವೇಲಿಗೆ ಹೋಗಿರಬಹುದಿತ್ತು, ರಾಮನಾಥಪುರಕ್ಕೆ ಹೋಗಿರಬಹುದಿತ್ತು. ಅವರು ಹೇಳಿದ್ದು ಕೃಷ್ಣಗಿರಿಯ ಆಚೆಗಿನ ಒಂದು ಮಾವಿನ ಮಂಡಿ. ಅಲ್ಲಿ ವಾಚ್‌ಮನ್. "ಬೆಳಕಿರುವಾಗ ಬನ್ನಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ" ಅಂದರು.

ಗುರುವಾರ ಅವಳಿಗೆ ವಾರದ ರಜೆ. ನಾನೂ ರಜೆ ಹಾಕಿದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಸೂಳಗಿರಿಯಲ್ಲಿ ಬಸ್ಸು ನಿಂತಾಗ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು.

ಮಂಡಿಯಲ್ಲಿ ತೋತಾಪುರಿ ಕಾಯಿ ರಾಶಿ ರಾಶಿ ಬಿದ್ದಿತ್ತು. ಲಾರಿಗಳ ಸದ್ದು, ಕೊಳೆತ ಹಣ್ಣಿನ ಹುಳಿ ವಾಸನೆ. ವಾಚ್‌ಮನ್ ನನ್ನ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು, ಒಮ್ಮೆ ಅದನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು. ಅರವತ್ತೈದು ದಾಟಿದ ಮನುಷ್ಯ, ಖಾಕಿ ಅಂಗಿ, ಕೆಳಗೆ ಪಂಚೆ.

"ಈ ನಂಬರು ಈಗ ನನ್ನ ಹೆಸರಲ್ಲಿದೆ" ಅಂದರು. "ಆಧಾರು, ಬ್ಯಾಂಕು ಎಲ್ಲ ಇದಕ್ಕೇ ಸೇರಿಸಿದ್ದೇನೆ. ನೀವು ಏನು ತೆಗೆಯುತ್ತೀರೋ ನನಗೆ ಗೊತ್ತಿಲ್ಲ. ಆ ವಿಡಿಯೊ ಯಾವುದು? ನಾನು ನೋಡಬೇಕು. ನೋಡದೆ ಹೇಳುವುದಿಲ್ಲ."

ನನಗೆ ಸಿಟ್ಟು ಬಂತು. "ಅದನ್ನು ಯಾರೂ ನೋಡಬಾರದು ಅಂತಲೇ ನಾವು ಇಷ್ಟು ದೂರ ಬಂದಿರೋದು" ಅಂದೆ.

"ಹಾಗಾದರೆ ವಾಪಸು ಹೋಗಿ" ಅಂದರು. ಒರಟಾಗಿ ಅಲ್ಲ. ಅವರ ಜಾಗದಲ್ಲಿ ನಿಂತು ನೋಡಿದರೆ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಹುಡುಗಿ, "ನೋಡ್ಲಿ ಬುಡಿ ಮಿಸ್" ಅಂದಳು. ತೂಕದ ಯಂತ್ರದ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು.

ನಾನು ವಿಡಿಯೊ ಹಾಕಿ ಫೋನನ್ನು ಅವರ ಕೈಗೆ ಕೊಟ್ಟೆ. ದನಿ ಕಡಿಮೆ ಮಾಡಲು ಮರೆತಿದ್ದೆ. ಹದಿಮೂರು ವರ್ಷದ ಅವಳ ದನಿ ಆ ತಗಡಿನ ಶೆಡ್ಡಿನ ತುಂಬಾ ಕೇಳಿಸಿತು. ಅಮ್ಮನ ಹಲ್ಲು ಬಿತ್ತು. ಕಾಯಿ ಆರಿಸುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿದರು. ಹದಿನೆಂಟರ ಅವಳು ಬೆನ್ನು ಅಲುಗಾಡಿಸದೆ ನಿಂತಿದ್ದಳು. ವಾಚ್‌ಮನ್ ಅವರಿಗೆ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೆಂಕಿಪೊಟ್ಟಣ ತೆರೆಯುವ ಹೊತ್ತಿಗೆ ಫೋನನ್ನು ನನಗೆ ವಾಪಸು ಕೊಟ್ಟರು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ತಮ್ಮ ಫೋನು ಹಿಡಿದು ಬಂದರು.

"ಕಳಿಸಿ" ಅಂದರು.

ಕಳಿಸಿದೆ. ಬಂತು. ಒಂದೊಂದೇ ಅಂಕಿ ಬಿಡಿಸಿ ಓದಿದರು. ಹಾಕಿದೆ. ಸಮಯ ಮೀರಿದೆ ಅಂತ ಬಂತು. ಇನ್ನೊಂದು ಕಳಿಸಿದೆ. ಓದಿದರು. ತಪ್ಪು ಅಂತ ಬಂತು. ಮತ್ತೆ ಕಳಿಸಿದೆ, ಮತ್ತೆ ತಪ್ಪು. ಅವರ ಫೋನನ್ನು ಇಸಕೊಂಡು ನೋಡಿದರೆ, ಮೂರು ಮೆಸೇಜುಗಳಲ್ಲಿ ಮೇಲಿದ್ದುದು ಹಳೆಯದು. ಅವರು ಪ್ರತಿಸಲವೂ ಅದನ್ನೇ ಓದುತ್ತಿದ್ದರು. ಈಗ ಗೊತ್ತಾಯಿತಲ್ಲ ಅಂತ ನಾಲ್ಕನೇ ಸಲ ಒತ್ತುವಷ್ಟರಲ್ಲಿ, ನೀವು ತುಂಬಾ ಸಲ ಪ್ರಯತ್ನಿಸಿದ್ದೀರಿ, ಭದ್ರತೆಗಾಗಿ ಈ ದಾರಿಯನ್ನು ಐದು ದಿನ ಮುಚ್ಚಿದ್ದೇವೆ ಅಂತ ಬಂತು.

ಗುರುವಾರದಿಂದ ಐದು ದಿನ ಅಂದರೆ ಮಂಗಳವಾರ. ಕಾರ್ಯ ಇದ್ದದ್ದು ಭಾನುವಾರ.

ಅವರಿಗೆ ಏನಾಯಿತೆಂದು ಅರ್ಥವಾಗಿತ್ತು. ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ನನ್ನ ಕಣ್ಣಿನದೇ ತಪ್ಪು" ಅಂದರು. ಹುಡುಗಿಯ ಮುಖ ನೋಡಲಾಗದೆ, "ಊಟ ಆಯ್ತೇನಮ್ಮ?" ಅಂತ ಕೇಳಿದರು. ಆಯಿತೆಂದು ಅವಳು ತಲೆ ಆಡಿಸಿದಳು. ಆಗಿರಲಿಲ್ಲ.

ವಾಪಸು ಬಸ್ಸಿನಲ್ಲಿ ನಾನು ಏನೇನೋ ಹೇಳುತ್ತಿದ್ದೆ. ಕಾರ್ಯಕ್ಕೆ ಅಪ್ಪನನ್ನು ಕಳಿಸಬೇಡ, ಹುಷಾರಿಲ್ಲ ಅನ್ನಿಸು, ಅತ್ತೆ ಮಗನಿಗೆ ನಾನೇ ಫೋನು ಮಾಡುತ್ತೇನೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು.

"ಅವತ್ತು ನನ್ನ ಎರಡು ಸಲ ಹೇಳ್ಸಿದ್ರಿ. ನೆನಪೈತಾ ಮಿಸ್?"

ನನಗೆ ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ನೆನಪಾಯಿತು, ಪೂರ್ತಿ.

ಮೊದಲ ಸಲ ಅವಳು ಹೇಳುವಾಗ ಅತ್ತಿದ್ದಳು. ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಲ್ಲು ಅಂಗೈಯಲ್ಲೇ ಮುಚ್ಚಿಹೋಗಿತ್ತು. ಟ್ಯಾಂಕಿನ ನೆರಳು ಮುಖದ ಮೇಲೆ ಬಿದ್ದಿತ್ತು. ನಾನು ಅವಳನ್ನು ಬಿಸಿಲಿನ ಕಡೆಗೆ ಸರಿಸಿ ಕೂರಿಸಿ, ಮುಖ ತೊಳೆಸಿ, "ಇನ್ನೊಂದ್ಸಲ ನಿಧಾನಕ್ಕೆ ಹೇಳು. ಹಲ್ಲನ್ನ ಹೀಗೆ ಹತ್ರ ತಂದು ತೋರ್ಸು" ಅಂದಿದ್ದೆ. ಬೆಂಕಿಪೊಟ್ಟಣ ನಾನೇ ಎದುರಿನ ಅಂಗಡಿಯಿಂದ ತಂದು, ಖಾಲಿ ಮಾಡಿ ಕೊಟ್ಟದ್ದು.

"ಎರಡ್ನೇ ಸಲ ನಂಗೆ ಅಳು ಬರ್ಲಿಲ್ಲ" ಅಂದಳು. "ಪಾಠ ಒಪ್ಸಿದಂಗೆ ಹೇಳಿದೀನಿ ಅದ್ರಲ್ಲಿ. ಅದಕ್ಕೇ ಎಲ್ರು ನಗೋದು. ನಮ್ಮಪ್ಪನ್ನ ಮಾರ್ಕೊಂಡಂಗೆ ಕಾಣ್ತೈತೆ."

ಹೊಸೂರಿನಲ್ಲಿ ಇಳಿಯುವಾಗ, "ಯಾರಿಗೂ ಫೋನ್ ಮಾಡ್ಬೇಡಿ ಮಿಸ್" ಅಂದು ಹೊರಟುಹೋದಳು.

ಭಾನುವಾರ ನಾನು ಇಡೀ ದಿನ ಫೋನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಯಾವ ಸುದ್ದಿಯೂ ಬರಲಿಲ್ಲ.

ಸೋಮವಾರ ಮಧ್ಯಾಹ್ನ ಮಕ್ಕಳು ಊಟಕ್ಕೆ ಸಾಲಾಗಿ ಕೂತಿದ್ದಾಗ ಅವಳ ಅಪ್ಪ ಶಾಲೆಯ ಗೇಟಿನ ಹತ್ತಿರ ಬಂದು ನಿಂತರು. ಕೆಲಸದಿಂದ ನೇರ ಬಂದಿರಬೇಕು, ರಬ್ಬರ್ ಬೂಟಿನ ಮೇಲೆ ಕೆಂಪು ಮಣ್ಣು ಒಣಗಿತ್ತು. ಮುಂಚೆ ನಾನು ನೋಡಿದ್ದಾಗ ತೂರಾಡುತ್ತಿದ್ದ ಮನುಷ್ಯ. ಈಗ ಮೈ ಕೈ ತುಂಬಿಕೊಂಡು, ಕೂದಲು ಬಾಚಿಕೊಂಡು ಬೇರೆಯೇ ಆಗಿ ಕಾಣುತ್ತಿದ್ದರು.

"ಟೀಚರಮ್ಮ, ಒಂದು ಮಾತಿತ್ತು."

ಎಂಟನೇ ತರಗತಿಯ ಕೋಣೆಗೆ ಕರೆದುಕೊಂಡು ಹೋದೆ. ಬೆಂಚಿನ ತುದಿಯಲ್ಲಿ ಕೂತರು.

"ನೆನ್ನೆ ನಮ್ಮಕ್ಕನ ಮನೇಲಿ ನಾನೆಲ್ಲಿ ಹೋದ್ರೂ ಜನ ಸುಮ್ಕಾಗ್ತಿದ್ರು. ಊಟಕ್ಕೆ ಕೂತಾಗ ನಮ್ ಷಡ್ಡಕ ನನ್ನ ಹೆಂಡ್ರಿಗೆ, 'ಬಾಯಿ ಮುಚ್ಕೊಂಡು ತಿನ್ನಮ್ಮ, ಇನ್ನೊಂದು ಹಲ್ಲೂ ಹೋದಾತು' ಅಂದ. ಎಲ್ಲಾ ನಕ್ಕುಬುಟ್ರು. ನಮ್ಮಕ್ಕನ ಮಗನ್ನ ಕೇಳಿದ್ರೆ ಫೋನ್ ಎತ್ಕೊಂಡು ಆಚೆ ಹೋಗ್ಬುಟ್ಟ. ನಿಮ್ ಇಸ್ಕೂಲಿಂದು ಅಂದ್ರು. ಅದ್ರಲ್ಲಿ ಏನೈತೆ? ತೋರ್ಸಿ."

ಒಂದು ವಾರದಿಂದ ನಾನು ಹೆದರಿಕೊಂಡಿದ್ದು ಇದಕ್ಕೇ. ಫೋನು ನನ್ನ ಕೈಯಲ್ಲೇ ಇತ್ತು. ಒಂದು ಸಲ ಒತ್ತಿದರೆ ಸಾಕಿತ್ತು.

"ನಿಮ್ಮ ಮಗಳು ಬೇಡ ಅಂದಿದ್ದಾಳೆ" ಅಂದೆ.

"ಊರೆಲ್ಲಾ ನೋಡೈತೆ. ನಾನೊಬ್ನೇ ನೋಡ್ಬಾರ್ದಾ?"

ಎದ್ದು ನಿಂತರು. ಬೆಂಚು ಹಿಂದಕ್ಕೆ ಉರುಳಿ ಬಿತ್ತು. ಹೊರಗೆ ಮಕ್ಕಳ ಗಲಾಟೆ ಒಮ್ಮೆಗೇ ನಿಂತಿತು. ಬಾಗಿಲು ಅವರ ಹಿಂದೆ ಇತ್ತು, ನಾನು ಗೋಡೆಯ ಕಡೆ ಇದ್ದೆ. ಐದು ವರ್ಷದ ಹಿಂದೆ ಆ ಮನೆಯಲ್ಲಿ ಅವಳ ಅಮ್ಮ ಹೀಗೇ ನಿಂತಿದ್ದಿರಬಹುದು ಅನ್ನಿಸಿತು.

"ಅವತ್ತು ಅವಳನ್ನ ಸರಿಯಾಗಿ ಕೇಳದೆ ಹಾಕಿದ್ದು ನನ್ನ ತಪ್ಪು" ಅಂದೆ. "ಇವತ್ತು ಅವಳನ್ನ ಕೇಳದೆ ತೋರಿಸೋಲ್ಲ. ನೀವು ಹೊಡೆದ್ರೂ ತೋರಿಸೋಲ್ಲ."

ಆ ಕೊನೆಯ ಮಾತು ಹೇಗೆ ಬಾಯಿಂದ ಬಂತೋ ತಿಳಿಯದು. ಅವರ ಮುಖ ಇದ್ದಕ್ಕಿದ್ದಂತೆ ಇಳಿದುಹೋಯಿತು. ಬಗ್ಗಿ ಬೆಂಚನ್ನು ಎತ್ತಿ ನೆಟ್ಟಗೆ ಇಟ್ಟರು.

"ಕೇಳಿ ಹಂಗಾದ್ರೆ" ಅಂದರು.

ಅವಳಿಗೆ ಫೋನು ಮಾಡಿದೆ. ಸಿಗಲಿಲ್ಲ. ಕಂಪನಿಯಲ್ಲಿ ಶಿಫ್ಟ್ ಮುಗಿಯುವವರೆಗೆ ಫೋನುಗಳನ್ನು ಲಾಕರಿನಲ್ಲಿ ಇಡಬೇಕು. ಮೂರು ಗಂಟೆಗೆ ಬಿಡುತ್ತಾರೆ. ಆಗ ಒಂದೂ ಕಾಲು ಗಂಟೆ.

ಅವರು ಹೋಗಲಿಲ್ಲ. ಅಂಗಳದ ಹೊಂಗೆ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತರು. ನಾನು ಆರನೇ ತರಗತಿಗೆ ಗಣಿತ ಮಾಡುತ್ತಾ ಪ್ರತಿ ಐದು ನಿಮಿಷಕ್ಕೊಮ್ಮೆ ಕಿಟಕಿಯಿಂದ ನೋಡುತ್ತಿದ್ದೆ. ಕೂತ ಕಡೆಯಿಂದ ಏಳಲೇ ಇಲ್ಲ. ಹಲಗೆಯ ಮೇಲೆ ಒಂದು ಭಾಗಾಕಾರ ತಪ್ಪು ಮಾಡಿದೆ, ಮಕ್ಕಳು ಹೇಳಿದ ಮೇಲೆ ಗೊತ್ತಾಯಿತು. ಅಡುಗೆಯಮ್ಮ ಒಂದು ಲೋಟ ನೀರು ಕೊಟ್ಟರೆ ಪಕ್ಕಕ್ಕೆ ಇಟ್ಟುಕೊಂಡರು, ಕುಡಿಯಲಿಲ್ಲ.

ಮೂರೂ ಕಾಲಿಗೆ ಅವಳೇ ವಾಪಸು ಫೋನು ಮಾಡಿದಳು. ಅಪ್ಪ ಇಲ್ಲಿದ್ದಾರೆ, ಅವರಿಗೂ ಕೇಳಿಸುತ್ತಿದೆ ಅಂತ ಮೊದಲೇ ಹೇಳಿ ಸ್ಪೀಕರ್ ಹಾಕಿದೆ. ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಬಸ್ಸುಗಳ ಸದ್ದು, ಹುಡುಗಿಯರ ಮಾತು.

"ಅಪ್ಪ ಕುಡ್ದಿದಾನಾ ಮಿಸ್?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಅವರು, "ಇಲ್ಲ ಕಣವ್ವ" ಅಂದರು.

"ತೋರಿಸ್ಬೇಡಿ ಮಿಸ್." ಆಮೇಲೆ, "ಅಪ್ಪಾ, ಅದ್ರಲ್ಲಿ ಇರೋದ್ನ ನಾನೇ ಹೇಳ್ತೀನಿ. ಗುರುವಾರ ರಜ. ಬತ್ತೀನಿ. ಅಲ್ಲಿಗಂಟ ಯಾರ್ ಫೋನಲ್ಲೂ ನೋಡ್ಬೇಡ" ಅಂದಳು.

ಅವರು ಫೋನಿನ ಹತ್ತಿರ ಬಗ್ಗಿ, "ಬಾರವ್ವ" ಅಂದರು. ಅಷ್ಟೇ. ಹೊರಡುವಾಗ ಗೇಟಿನ ತನಕ ಹೋಗಿ ಮತ್ತೆ ಹಿಂದಕ್ಕೆ ಬಂದು, "ನಾನ್ ಅವತ್ತು ಹೊಡ್ದಿದ್ದು ನಂಗೆ ಗೊತ್ತಿಲ್ಲ ಟೀಚರಮ್ಮ. ಎಡವಿ ಬಿದ್ದು ಹಲ್ಲು ಹೋಯ್ತು ಅಂತ್ಲೇ ಇವತ್ತಿಗೂ ಹೇಳ್ತಾಳೆ ನಮ್ಮೋಳು" ಅಂದರು.

ಮಂಗಳವಾರ ಬೆಳಿಗ್ಗೆ ನಾನು ಸ್ಕೂಟರ್ ತೆಗೆಯುತ್ತಿರುವಾಗ ವಾಚ್‌ಮನ್ ತಾವಾಗಿಯೇ ಫೋನು ಮಾಡಿದರು. "ಐದು ದಿನ ಆಯ್ತಮ್ಮ. ಹಳೆ ಮೆಸೇಜು ಎಲ್ಲ ಅಳಿಸಿ ಇಟ್ಟಿದ್ದೇನೆ. ಈಗ ಕಳಿಸಿ. ಬರುವುದು ಒಂದೇ ಇರುತ್ತೆ" ಅಂದರು. ಹೆಲ್ಮೆಟ್ ತೆಗೆದು ಮೆಟ್ಟಿಲ ಮೇಲೆ ಕೂತೆ. ಅವರು ಓದಿದರು, ನಾನು ಒತ್ತಿದೆ. ಖಾತೆ ತೆರೆದುಕೊಂಡಿತು.

ಅವಳ ವಿಡಿಯೊ ಮೊದಲು ತೆಗೆದೆ. ಇನ್ನೂ ಮೂವತ್ತೆಂಟು ಇದ್ದವು. ಒಂದರಲ್ಲಿ ಹಿಂದೆ ಯಾರದೋ ಅಜ್ಜಿ ಬಚ್ಚಲಿನಿಂದ ಬರುತ್ತಿದ್ದರು. ಇನ್ನೊಂದರಲ್ಲಿ ಹರಿದ ಅಂಗಿಯ ಮಗು. ಇವರಲ್ಲಿ ಯಾರನ್ನೂ ನಾನು ಕೇಳಿರಲಿಲ್ಲ. ಖಾತೆಯನ್ನೇ ಅಳಿಸುವುದೆಂದು ಹೊರಟೆ. ಅಳಿಸುವ ಜಾಗ ಎಲ್ಲಿದೆಯೆಂದು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸ್ವಲ್ಪ ದಿನ ಬಚ್ಚಿಡಿ ಸಾಕು ಅಂತ ಒಂದು ಕಡೆ, ಏನೇನು ಕಳೆದುಕೊಳ್ಳುತ್ತೀರಿ ನೋಡಿ ಅಂತ ಇನ್ನೊಂದು ಕಡೆ, ಖಚಿತವೇ, ನಿಜವಾಗಿಯೂ ಖಚಿತವೇ ಅಂತ ಮತ್ತೆ ಮತ್ತೆ. ಕಡೆಗೆ, ನಿಮ್ಮ ಕೋರಿಕೆ ಬಂದಿದೆ, ಒಂದು ತಿಂಗಳು ಕಾಯುತ್ತೇವೆ, ಅಷ್ಟರಲ್ಲಿ ನೀವು ಒಂದು ಸಲ ಒಳಗೆ ಬಂದರೂ ಖಾತೆ ಮೊದಲಿನಂತಾಗುತ್ತದೆ ಅಂದಿತು. ಆ ತಿಂಗಳು ಪೂರ್ತಿ ನಾನು ಆ ತಾಣದ ಹತ್ತಿರ ಸುಳಿಯಲಿಲ್ಲ. ಬೆರಳು ತಗುಲಿ ಎಲ್ಲಿ ಒಳಗೆ ಹೋಗಿಬಿಡುತ್ತೇನೋ ಅನ್ನುವ ಹೆದರಿಕೆ. ಅವತ್ತು ಶಾಲೆಗೆ ತಡವಾಗಿ ಹೋದದ್ದಕ್ಕೆ ಹೆಡ್‌ಮಾಸ್ಟರ ಹತ್ತಿರ ಬೈಸಿಕೊಂಡೆ.

ಸಂಜೆ ಅವಳಿಗೆ ಹೇಳಿದಾಗ, "ನಿಮ್ ಹಳೇ ಫೋನಲ್ಲಿ ಐತಾ ಮಿಸ್?" ಅಂದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಬೀರುವಿನಲ್ಲಿದ್ದ ಹಳೆಯ ಫೋನಿಗೆ ಚಾರ್ಜ್ ಹಾಕಿ, ಬುಧವಾರ ಸಂಜೆ ಮೂಕಂಡಪಲ್ಲಿಯ ಹಾಸ್ಟೆಲ್ಲಿನ ಗೇಟಿಗೆ ತೆಗೆದುಕೊಂಡು ಹೋದೆ. ಎರಡು ಸಲದ್ದೂ ಅದರಲ್ಲಿತ್ತು. ಮೊದಲ ಸಲದ್ದನ್ನು ಅವಳು ಗೋಡೆಯ ಕಡೆ ತಿರುಗಿ, ಫೋನನ್ನು ಕಿವಿಗೆ ಹತ್ತಿರ ಹಿಡಿದು, ಪೂರ್ತಿ ಕೇಳಿದಳು. ನನಗೆ ತೋರಿಸಲಿಲ್ಲ. ಆಮೇಲೆ ಎರಡನ್ನೂ ತಾನೇ ಅಳಿಸಿದಳು. ಫೋನಿನೊಳಗಿನ ಕಸದಬುಟ್ಟಿಗೆ ಹೋಗಿ ಅಲ್ಲಿಂದಲೂ ಅಳಿಸಿದಳು. ಫೋನು ಮಾಡುವ ಕಂಪನಿಯ ಹುಡುಗಿ, ನನಗಿಂತ ಚೆನ್ನಾಗಿ ಗೊತ್ತು.

"ನನ್ನದು ತಪ್ಪಾಯ್ತು" ಅಂದೆ.

"ಫೋನ್ ಬಂದಿದ್ಕೇ ನಾನ್ ಓದಿದ್ದು ಮಿಸ್" ಅಂದಳು. ಅದು ಕ್ಷಮೆಯೋ, ಬರೀ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೋ ಗೊತ್ತಾಗಲಿಲ್ಲ. ಊಟದ ಗಂಟೆ ಹೊಡೆಯಿತು, ಒಳಗೆ ಹೋದಳು.

ಗುರುವಾರ ಅಪ್ಪ ಮಗಳ ನಡುವೆ ಏನು ಮಾತಾಯಿತೋ ನನಗೆ ತಿಳಿದಿಲ್ಲ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಅವಳ ಅಮ್ಮ ಒಂದು ದಿನ ಅಂಗಡಿಯ ಹತ್ತಿರ ಸಿಕ್ಕಾಗ, "ಎರಡು ದಿನ ಕೂಳು ಮುಟ್ನಿಲ್ಲ ಟೀಚರಮ್ಮ. ಕುಡೀಲಿಲ್ಲ ಸದ್ಯ" ಅಂದರು. ಆತ ಈಗಲೂ ಪಾಲಿಹೌಸಿನ ಕೆಲಸಕ್ಕೆ ನಮ್ಮ ಶಾಲೆಯ ಮುಂದೆಯೇ ಸೈಕಲ್ಲಿನಲ್ಲಿ ಹೋಗುತ್ತಾರೆ. ನನ್ನ ಕಡೆ ನೋಡುವುದಿಲ್ಲ. ನಾನು ನಮಸ್ಕಾರ ಮಾಡುವುದನ್ನು ಬಿಟ್ಟಿಲ್ಲ.

ಸಂಗೀತ ಸೇರಿಸಿದ ಆ ತುಂಡು ಮಾತ್ರ ಇನ್ನೂ ಇದೆ. ಬೇರೆ ಯಾರದೋ ಖಾತೆ, ಅದಕ್ಕೆ ನನ್ನ ಕೈ ಎಟುಕುವುದಿಲ್ಲ. ದೂರು ಕೊಟ್ಟೆವು, ಒಂದು ಕಡೆ ಹೋಯಿತು, ಇನ್ನೊಂದು ಕಡೆ ಬಂತು. ಅವಳು ಹಾಸ್ಟೆಲ್ ಬದಲಾಯಿಸಿಲ್ಲ. ಕೋಣೆಯ ಹುಡುಗಿಯರಿಗೆ ಅದು ಹಳತಾಗಿ ಈಗ ಹೆಸರು ಹಿಡಿದೇ ಕರೆಯುತ್ತಾರಂತೆ. ಹೊಸದಾಗಿ ಸೇರಿದವರು ಯಾರಾದರೂ ಮತ್ತೆ ಹುಡುಕುತ್ತಾರೆ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ನಾನು ಅದಕ್ಕೆ ಒಂದು ದೂರು ಕೊಡುತ್ತೇನೆ. ಪರಿಶೀಲಿಸುತ್ತೇವೆ ಅನ್ನುತ್ತಾರೆ.